ಚಿಕ್ಕರಾಯನ ಪಟ್ಟ

(ಕಳ್ಳಂಬೆಳ್ಳದಲ್ಲಿ ಊರವರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಕಡೆಯ ಶಾಲೆಗಳ ಹಾಜರಿ ಪುಸ್ತಕ ತೆಗೆದು ನೋಡಿದರೆ ತರಗತಿಗೊಬ್ಬ ಯುವರಾಜ ಸಿಕ್ಕರೂ ಆಶ್ಚರ್ಯವಿಲ್ಲ. ಹೊತ್ತು ನೆತ್ತಿಗೇರಿದರೂ ಹಾಸಿಗೆ ಬಿಡದ ಮಗನನ್ನು ತಾಯಿ 'ಏಳಪ್ಪ ಯುವರಾಜ' ಎಂದು ಎಬ್ಬಿಸುತ್ತಾಳೆ. ಚುನಾವಣೆ ಹತ್ತಿರ ಬಂದಾಗ ದೊಡ್ಡವರ ಮಗನ ಭಾವಚಿತ್ರದ ಕೆಳಗೆ 'ನಮ್ಮ ಯುವರಾಜ' ಎಂದು ಬರೆದ ಬ್ಯಾನರು ರಸ್ತೆಗೆ ಅಡ್ಡಲಾಗಿ ತೂಗುತ್ತದೆ. ಹೀಗೆ ಹೆಸರಾಗಿ, ಹಾಸ್ಯವಾಗಿ, ಹೊಗಳಿಕೆಯಾಗಿ ಆ ಮಾತು ನಮ್ಮ ನಡುವೆ ಇನ್ನೂ ಬದುಕಿದೆ.

ಈ ಮೂರು ಬಳಕೆಗಳ ಹಿಂದೆಯೂ ಒಂದೇ ತಿಳಿವಳಿಕೆ ಇದೆ. ರಾಜನ ಮಗನಾಗಿ ಹುಟ್ಟಿದವನು ಯುವರಾಜ. ಅದು ತೊಟ್ಟಿಲಿನಲ್ಲೇ ಸಿಗುವ ಭಾಗ್ಯ. ಅದಕ್ಕಾಗಿ ಅವನು ಏನನ್ನೂ ಮಾಡಬೇಕಾಗಿಲ್ಲ ಎಂಬ ತಿಳಿವಳಿಕೆ ಅದು. ನಮ್ಮ ಇತಿಹಾಸ ಹೇಳುವುದು ಬೇರೆ. ರಾಜಕುಮಾರ ಎನ್ನುವುದು ಹುಟ್ಟಿನಿಂದ ಬರುವ ಹೆಸರು. ಯುವರಾಜ ಎನ್ನುವುದು ಕೊಡುವ ಪದವಿ. ಕೊಡುವವರಿದ್ದರು, ಕೊಡಿಸುವವರಿದ್ದರು, ತಪ್ಪಿಸುವವರೂ ಇದ್ದರು. ಆದ್ದರಿಂದಲೇ ಆ ಪದದ ಸುತ್ತ ಇಷ್ಟೊಂದು ಆಸೆ, ಅಂಜಿಕೆ, ರಕ್ತ ಎಲ್ಲವೂ ಇವೆ. ಈ ಪದವಿಯ ಕತೆಯ ಒಂದೆರಡು ಅಧ್ಯಾಯಗಳು ನಾವು ನಿಂತಿರುವ ಈ ನೆಲದಲ್ಲೇ ನಡೆದಿವೆ.

ಪದದ ಅರ್ಥ

'ಯುವ' ಎಂದರೆ ಹರೆಯದವನು, 'ರಾಜ' ಎಂದರೆ ಅರಸು. ಆದರೆ ಯುವರಾಜ ಎಂದರೆ ವಯಸ್ಸಿನಲ್ಲಿ ಚಿಕ್ಕವನಾದ ರಾಜ ಎಂದಷ್ಟೇ ಅಲ್ಲ. ಪಟ್ಟದಲ್ಲಿರುವ ಅರಸ ಬದುಕಿರುವಾಗಲೇ ಅವನ ಜೊತೆಗೆ ರಾಜ್ಯಭಾರದ ಒಂದು ಪಾಲನ್ನು ಹೊರುವವನು, ಅವನ ನಂತರ ಪೂರ್ತಿ ಹೊರಲೆಂದು ಆರಿಸಲ್ಪಟ್ಟವನು ಎಂಬುದು ಅದರ ಅರ್ಥ. ಆ ಅಧಿಕಾರಕ್ಕೆ ಯೌವರಾಜ್ಯ ಎಂದು ಹೆಸರು.

ರಾಮಾಯಣವನ್ನು ನೆನಪಿಸಿಕೊಳ್ಳಿ. ಹರಿಕಥೆಯಲ್ಲಿ, ಬಯಲಾಟದಲ್ಲಿ 'ರಾಮನ ಪಟ್ಟಾಭಿಷೇಕ ನಿಂತುಹೋಯಿತು' ಎನ್ನುತ್ತೇವೆ. ದಶರಥ ಸಿದ್ಧಮಾಡಿದ್ದು ರಾಮನ ಯೌವರಾಜ್ಯಾಭಿಷೇಕವನ್ನು. ಅದಕ್ಕೆ ಮೊದಲು ಅವನು ಸಭೆ ಕರೆದು ಪುರಜನರ, ಸಾಮಂತರ ಅಭಿಪ್ರಾಯ ಕೇಳಿದ. ಹಿರಿಯ ಮಗನೆಂದ ಮಾತ್ರಕ್ಕೆ ಪದವಿ ತಾನೇ ಬಂದುಬಿಡುವುದಾದರೆ ಸಭೆ ಏಕೆ ಬೇಕಿತ್ತು? ಕಿಷ್ಕಿಂಧೆಯಲ್ಲಿ ಸುಗ್ರೀವನು ರಾಜನಾದಾಗ ಯುವರಾಜನಾದವನು ಅಣ್ಣನ ಮಗ ಅಂಗದ. ರಾಮ ಅಯೋಧ್ಯೆಗೆ ಮರಳಿ ಪಟ್ಟವೇರಿದಾಗ ಯೌವರಾಜ್ಯವನ್ನು ಮೊದಲು ಲಕ್ಷ್ಮಣನಿಗೆ ಕೊಡಹೋದ. ಲಕ್ಷ್ಮಣ ಒಪ್ಪಲಿಲ್ಲ, ಭರತ ಯುವರಾಜನಾದ. ಮಹಾಭಾರತದಲ್ಲಿ ಧರ್ಮರಾಯ ಅರಸನಾದಾಗ ಯುವರಾಜನಾದವನು ಭೀಮಸೇನ. ಅಣ್ಣನ ಮಗನೂ ಯುವರಾಜನಾಗಬಹುದಿತ್ತು, ತಮ್ಮನೂ ಆಗಬಹುದಿತ್ತು. ಕೊಟ್ಟರೆ ಬೇಡ ಎನ್ನಲೂ ಬಹುದಿತ್ತು.

ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ಇನ್ನೂ ಸ್ಪಷ್ಟಮಾಡುತ್ತದೆ. ರಾಜ್ಯದ ಹದಿನೆಂಟು ಮುಖ್ಯ ಅಧಿಕಾರಸ್ಥಾನಗಳ ಪಟ್ಟಿಯಲ್ಲಿ ಮಂತ್ರಿ, ಪುರೋಹಿತ, ಸೇನಾಪತಿ ಇವರಾದ ಮೇಲೆ ನಾಲ್ಕನೆಯವನು ಯುವರಾಜ. ಅವನಿಗೆ ಗೊತ್ತುಮಾಡಿದ ವೇತನ 48,000 ಪಣ. ಬರಿಯ ರಾಜಕುಮಾರರಿಗೆ 12,000 ಪಣ. ಒಂದೇ ತಾಯಿಯ ಮಕ್ಕಳಾದರೂ ಪದವಿ ಇದ್ದವನಿಗೂ ಇಲ್ಲದವನಿಗೂ ನಾಲ್ಕು ಪಟ್ಟು ಅಂತರ. ಆದ್ದರಿಂದ ಯುವರಾಜಪದವಿ ಒಂದು ಉದ್ಯೋಗ.

ಆ ಗ್ರಂಥದಲ್ಲೇ ಇನ್ನೊಂದು ಅಧ್ಯಾಯವಿದೆ. ಅದರ ವಿಷಯ ರಾಜಪುತ್ರರಿಂದ ರಾಜನು ತನ್ನನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದು. ಹೆತ್ತವರನ್ನೇ ತಿನ್ನುವ ಏಡಿಗೆ ರಾಜಪುತ್ರರನ್ನು ಹೋಲಿಸಿದ ಹಿಂದಿನ ಆಚಾರ್ಯನೊಬ್ಬನ ಅಭಿಪ್ರಾಯವನ್ನು ಅಲ್ಲಿ ಚರ್ಚಿಸಲಾಗಿದೆ. ಉತ್ತರಾಧಿಕಾರಿ ಇಲ್ಲದಿದ್ದರೆ ರಾಜ್ಯಕ್ಕೆ ಗಂಡಾಂತರ. ಇದ್ದರೆ ರಾಜನಿಗೆ ಗಂಡಾಂತರ. ಈ ಇಕ್ಕಟ್ಟಿಗೆ ಹಿಂದಿನವರು ಕಂಡುಕೊಂಡ ಪರಿಹಾರವೇ ಯುವರಾಜಪದವಿ. ಮಗನನ್ನೋ ತಮ್ಮನನ್ನೋ ಎಲ್ಲರೆದುರಿಗೆ ಆರಿಸಿ, ಒಂದು ನಾಡನ್ನು ಆಳಲು ಕೊಟ್ಟು, ಕೆಲಸ ಕಲಿಸಿ, ಕಾಯುವಂತೆ ಮಾಡುವುದು ಅದರ ಉಪಾಯ.

ಕನ್ನಡದ ಅರಸುಮನೆಗಳಲ್ಲಿ

ಬಾದಾಮಿಯ ಇಮ್ಮಡಿ ಪುಲಕೇಶಿ ತನ್ನ ತಮ್ಮ ವಿಷ್ಣುವರ್ಧನನನ್ನು ಯುವರಾಜನನ್ನಾಗಿ ಮಾಡಿಕೊಂಡಿದ್ದ. ಸಾತಾರಾದಲ್ಲಿ ದೊರೆತ ತಾಮ್ರಶಾಸನ ಅವನನ್ನು ಆ ಹೆಸರಿನಿಂದಲೇ ಕರೆಯುತ್ತದೆ. ಮುಂದೆ ಅವನು ವೆಂಗಿಯ ಅಧಿಕಾರ ವಹಿಸಿಕೊಂಡು ಅಲ್ಲಿ ತನ್ನದೇ ವಂಶವನ್ನು ಕಟ್ಟಿದ. ಪೂರ್ವ ಚಾಳುಕ್ಯರೆಂದು ಹೆಸರಾದ ಆ ವಂಶ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಬಾದಾಮಿಯ ಮೂಲ ಮನೆ ಬಿದ್ದುಹೋದ ಮೇಲೂ ಯುವರಾಜನ ಮನೆ ನಿಂತಿತ್ತು.

ರಾಷ್ಟ್ರಕೂಟರಲ್ಲಿ ಯುವರಾಜನ ಗುರುತು ಕಂಠಿಕೆ ಎಂಬ ಕೊರಳಹಾರ. ಧ್ರುವನಿಗೆ ಹಲವು ಮಂದಿ ಮಕ್ಕಳು. ಅವರಲ್ಲಿ ಹಿರಿಯನಾದ ಕಂಬನನ್ನು ಬಿಟ್ಟು ಗೋವಿಂದನನ್ನು ಅವನು ಆರಿಸಿದ. ತಂದೆ ರಾಜ್ಯವನ್ನೇ ಒಪ್ಪಿಸಲು ಮುಂದಾದಾಗ ಗೋವಿಂದ ಅದು ಬೇಡ, ಯುವರಾಜನ ಕಂಠಿಕೆಯೇ ಸಾಕು ಎಂದನೆಂದು ಶಾಸನಗಳು ಹೇಳುತ್ತವೆ. 793ರ ಸುಮಾರಿಗೆ ಧ್ರುವ ತೀರಿಕೊಂಡ ಮೇಲೆ ಗಂಗವಾಡಿಯನ್ನು ಆಳುತ್ತಿದ್ದ ಕಂಬ ಸುಮ್ಮನಿರಲಿಲ್ಲ. ಹನ್ನೆರಡು ಮಂದಿ ರಾಜರನ್ನು ಕಟ್ಟಿಕೊಂಡು ದಂಗೆಯೆದ್ದ. ಗೋವಿಂದ ಅವನನ್ನು ಸೋಲಿಸಿದ. ಸೋತ ಅಣ್ಣನನ್ನು ಕೊಲ್ಲದೆ ಮತ್ತೆ ಗಂಗವಾಡಿಗೇ ಅಧಿಕಾರಿಯಾಗಿ ಕಳಿಸಿದ. ಆ ಕಂಬನ ದಾನಶಾಸನವೊಂದು ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಸಿಕ್ಕಿದೆ. ನಮ್ಮ ರಾಜಮನೆತನಗಳ ಇತಿಹಾಸದಲ್ಲಿ ಇಂಥ ಕ್ಷಮೆ ಅಪರೂಪ.

ತಲಕಾಡಿನ ಗಂಗರಲ್ಲಿ ಇಮ್ಮಡಿ ರಾಚಮಲ್ಲ ಅರಸನಾಗಿದ್ದಾಗ ಅವನ ತಮ್ಮ ಬೂತುಗ ಯುವರಾಜನಾಗಿದ್ದ. ಅವನು ಹೆಸರಿಗೆ ಮಾತ್ರ ಯುವರಾಜನಾಗಿರಲಿಲ್ಲ. ನಾಡುಗಳನ್ನು ಆಳಿದ, ಯುದ್ಧಗಳಲ್ಲಿ ಅಣ್ಣನ ಬಲಗೈಯಾಗಿದ್ದ. ರಾಷ್ಟ್ರಕೂಟ ಅಮೋಘವರ್ಷನ ಮಗಳು ಚಂದ್ರೋಬಲಬ್ಬೆಯನ್ನು ಮದುವೆಯಾಗಿದ್ದ. ಆದರೆ ಅಣ್ಣನಿಗಿಂತ ಮೊದಲೇ ತಮ್ಮ ತೀರಿಕೊಂಡ. ಆಮೇಲೆ ಪಟ್ಟ ಹೋದದ್ದು ಬೂತುಗನ ಮಗ ಎರೆಯಪ್ಪನಿಗೆ. ಜೀವಮಾನವೆಲ್ಲ ಯುವರಾಜನಾಗಿಯೇ ಇದ್ದು, ರಾಜನಾಗದೆ ಹೋಗಿ, ರಾಜನ ತಂದೆಯೆನಿಸಿಕೊಂಡವನು ಬೂತುಗ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಸಾವಿರ ವರ್ಷದ ಮೇಲೆ ಇದೇ ಕತೆ ಮೈಸೂರಿನಲ್ಲಿ ಮತ್ತೆ ನಡೆಯಿತು.

ನೊಳಂಬವಾಡಿಯ ಯುವರಾಜ

ಈಗ ನಮ್ಮ ನೆಲಕ್ಕೆ ಬರೋಣ. ಶಿರಾ, ಮಧುಗಿರಿ, ಪಾವಗಡದ ಸೀಮೆ ಹಿಂದೆ ನೊಳಂಬವಾಡಿ ಮೂವತ್ತೆರಡು ಸಾಸಿರದೊಳಗಿತ್ತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಶಿರಾ ಗಡಿಯ ಆಚೆ ಆಂಧ್ರದ ಮಡಕಶಿರಾ ಸೀಮೆಯಲ್ಲಿದೆ. ನೊಣಬರು, ನೊಳಂಬರು ಎಂಬ ಹೆಸರುಗಳನ್ನು ನಮ್ಮ ಜಿಲ್ಲೆಯ ಸಮುದಾಯಗಳು ಇಂದಿಗೂ ಉಳಿಸಿಕೊಂಡಿವೆ. ನೊಳಂಬರ ಅರಸೊತ್ತಿಗೆ ಮುರಿದ ಮೇಲೆಯೂ ನಾಡಿನ ಹೆಸರು ಉಳಿಯಿತು. ಕಲ್ಯಾಣದ ಚಾಳುಕ್ಯರು ಅದನ್ನು ಆಳಲು ತಮ್ಮ ಮನೆಯ ಮಗನನ್ನೇ ಕಳಿಸಿದರು.

ಆ ಮಗ ಆಹವಮಲ್ಲ ಸೋಮೇಶ್ವರನ ಕಿರಿಯ ಕುಮಾರ ಜಯಸಿಂಹ. ನೊಳಂಬವಾಡಿಯನ್ನು ಆಳಿದ್ದರಿಂದ ಅವನ ಬಿರುದೇ ವೀರನೊಳಂಬ ಪಲ್ಲವ ಪೆರ್ಮಾನಡಿ ಎಂದಾಯಿತು. ನೊಳಂಬರು ತಮ್ಮನ್ನು ಪಲ್ಲವ ಕುಲದವರೆಂದು ಹೇಳಿಕೊಳ್ಳುತ್ತಿದ್ದರು. ಚಾಳುಕ್ಯ ರಾಜಕುಮಾರ ಆ ಬಿರುದನ್ನೂ ಹೊತ್ತುಕೊಂಡ. ಆಳುವ ನಾಡಿನ ಹಿಂದಿನ ಅರಸರ ಗೌರವವನ್ನು ತನ್ನ ಹೆಸರಿಗೆ ಸೇರಿಸಿಕೊಂಡರೆ ನಾಡವರು ಒಪ್ಪಿಕೊಳ್ಳುತ್ತಾರೆ ಎಂಬ ಜಾಣತನ ಅದರಲ್ಲಿತ್ತು.

ಜಯಸಿಂಹನ ಅಣ್ಣಂದಿರು ಇಮ್ಮಡಿ ಸೋಮೇಶ್ವರ ಮತ್ತು ಆರನೆಯ ವಿಕ್ರಮಾದಿತ್ಯ. ತಂದೆ ಯುವರಾಜಪದವಿಯನ್ನು ವಿಕ್ರಮಾದಿತ್ಯನಿಗೇ ಕೊಡಬೇಕೆಂದಿದ್ದ, ಅಣ್ಣನಿರುವಾಗ ನನಗೆ ಬೇಡವೆಂದು ವಿಕ್ರಮಾದಿತ್ಯನೇ ಒಲ್ಲೆನೆಂದ ಎಂದು ಬಿಲ್ಹಣ ಕವಿ ಬರೆಯುತ್ತಾನೆ. ಬಿಲ್ಹಣ ವಿಕ್ರಮಾದಿತ್ಯನ ಆಸ್ಥಾನದ ಕವಿ. ಉಣ್ಣುವ ಅನ್ನದ ಋಣ ಅವನ ಮೇಲಿತ್ತು. ಏಕೆಂದರೆ ಮುಂದೆ ನಡೆದದ್ದು ಇಷ್ಟು: 1076ರಲ್ಲಿ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ಸೆರೆಯಲ್ಲಿಟ್ಟು ತಾನೇ ಪಟ್ಟವೇರಿದ. ತನ್ನದೇ ಹೊಸ ಶಕೆಯನ್ನೂ ಆರಂಭಿಸಿದ. ಈ ಕೆಲಸದಲ್ಲಿ ಅವನಿಗೆ ನೆರವಾದವನು ತಮ್ಮ ಜಯಸಿಂಹ. ಅದರ ಫಲವಾಗಿ ಜಯಸಿಂಹ ಯುವರಾಜನಾದ. ಬನವಾಸಿ ಹನ್ನೆರಡು ಸಾಸಿರವೂ ಇನ್ನಿತರ ನಾಡುಗಳೂ ಅವನ ಕೈಗೆ ಬಂದವು. ಆ ವರ್ಷಗಳ ಶಾಸನಗಳಲ್ಲಿ ಅವನನ್ನು ಯುವರಾಜನೆಂದೇ ಕರೆದಿದೆ.

ಹತ್ತು ವರ್ಷ ತುಂಬುವ ಮೊದಲೇ, 1083ರ ಹೊತ್ತಿಗೆ, ಯುವರಾಜ ಜಯಸಿಂಹ ಅಣ್ಣನ ಮೇಲೆ ತಿರುಗಿಬಿದ್ದ. ಅಣ್ಣನಿಂದ ಪಟ್ಟ ಕಸಿಯುವುದು ಹೇಗೆಂಬುದನ್ನು ಅವನಿಗೆ ಕಲಿಸಿದವನು ಅದೇ ಅಣ್ಣನಲ್ಲವೇ! ಯುದ್ಧದಲ್ಲಿ ಸೋತು ಸೆರೆಸಿಕ್ಕ. ವಿಕ್ರಮಾದಿತ್ಯ ಅವನನ್ನು ಕರುಣೆಯಿಂದ ಕಂಡನೆಂದು ಬಿಲ್ಹಣನ ಮಾತು. ಆಮೇಲೆ ಶಾಸನಗಳಲ್ಲಿ ಆ ಹೆಸರು ಕಾಣದಾಗುತ್ತದೆ. ನಮ್ಮ ನೊಳಂಬವಾಡಿಯ ಹೆಸರನ್ನು ಹೊತ್ತ ಯುವರಾಜನ ಕತೆ ಅಲ್ಲಿಗೆ ಮುಗಿಯಿತು. ಮೋಸದಿಂದ ಬಂದ ಪಟ್ಟ ತನ್ನ ಹಿಂದೆಯೇ ಇನ್ನೊಂದು ಮೋಸವನ್ನು ಕರೆದುಕೊಂಡು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಚಿಕ್ಕರಾಯ ಎಂಬ ಕನ್ನಡ ಮಾತು

ಯುವರಾಜ ಸಂಸ್ಕೃತದ ಮಾತಾಯಿತು. ನಮ್ಮ ಜನರ ಬಾಯಲ್ಲಿ ಇದಕ್ಕೆ ಏನೆನ್ನುತ್ತಿದ್ದರು? ವಿಜಯನಗರದ ಕಾಲದಲ್ಲಿ ಯುವರಾಜನಿಗೆ ಚಿಕ್ಕರಾಯ ಎಂಬ ಹೆಸರಿತ್ತು. ದೊಡ್ಡ ರಾಯ ಸಿಂಹಾಸನದ ಮೇಲಿದ್ದರೆ ಚಿಕ್ಕರಾಯ ಅವನ ಪಕ್ಕದಲ್ಲಿ. ಇದು ಅರಮನೆಯ ಮಾತಷ್ಟೇ ಅಲ್ಲ, ನಮ್ಮ ಮನೆಯ ಮಾತು. ಇಂದಿಗೂ ನಾವು ದೊಡ್ಡಗೌಡ್ರು, ಚಿಕ್ಕಗೌಡ್ರು ಎನ್ನುತ್ತೇವೆ. ದೊಡ್ಡೆಜಮಾನ್ರು, ಚಿಕ್ಕೆಜಮಾನ್ರು ಎನ್ನುತ್ತೇವೆ. ಮಠಗಳಲ್ಲಿ ಮುಂದಿನ ಪೀಠಾಧಿಪತಿಗೆ ಮರಿಸ್ವಾಮಿ, ಚಿಕ್ಕಸ್ವಾಮಿ ಎನ್ನುವುದುಂಟು. ಮಧುಗಿರಿ ಸೀಮೆಯ ಪಾಳೆಯಗಾರರಲ್ಲಿ ಚಿಕ್ಕಪ್ಪಗೌಡನೆಂಬ ಹೆಸರು ಪ್ರಸಿದ್ಧವಾದದ್ದು. ಕೇರಳದ ತಿರುವಾಂಕೂರಿನಲ್ಲಿ ಪಟ್ಟಕ್ಕೆ ಬರಬೇಕಾದವನನ್ನು ಇಳಯರಾಜ ಎನ್ನುತ್ತಿದ್ದರು. ಅದು ನಮ್ಮ 'ಎಳೆಯ'ನ ನೆಂಟಮಾತು. ಅಲ್ಲಿ ಅಳಿಯಸಂತಾನದ ಕಟ್ಟಳೆಯಂತೆ ಆ ಪದವಿ ಮಗನಿಗಲ್ಲದೆ ತಂಗಿಯ ಮಗನಿಗೆ ಹೋಗುತ್ತಿತ್ತು. ದೂರದ ಇಂಗ್ಲೆಂಡಿನಲ್ಲಿ 1301ರಿಂದ ರಾಜನ ಉತ್ತರಾಧಿಕಾರಿಗೆ ವೇಲ್ಸ್ ಎಂಬ ಗೆದ್ದ ನಾಡಿನ ಹೆಸರು ಸೇರಿಕೊಂಡಿತು. ಜಯಸಿಂಹನಿಗೆ ನೊಳಂಬ ಎಂಬ ಹೆಸರು ಸೇರಿದ ಹಾಗೆ.

ವಿಜಯನಗರದ ಅರಸರೂ ಮಕ್ಕಳಿಗೆ ಸೀಮೆಗಳನ್ನು ಕೊಟ್ಟು ಆಳ್ವಿಕೆ ಕಲಿಸುತ್ತಿದ್ದರು. ಪಾವಗಡಕ್ಕೆ ಹತ್ತಿರದ ಪೆನುಕೊಂಡೆಯನ್ನು ಬುಕ್ಕರಾಯನು ಮಗ ವಿರೂಪಣ್ಣ ಒಡೆಯನಿಗೆ ಒಪ್ಪಿಸಿದ್ದನೆಂದು ಅಲ್ಲಿನ ಕೋಟೆಯ 1354ರ ಶಾಸನ ತಿಳಿಸುತ್ತದೆ. ಆದರೆ ಚಿಕ್ಕರಾಯರ ಹಣೆಬರಹ ಎಲ್ಲ ಸಲವೂ ಒಳ್ಳೆಯದಾಗಿರಲಿಲ್ಲ. ಕೃಷ್ಣದೇವರಾಯ 1524ರಲ್ಲಿ ಆರು ವರ್ಷದ ಮಗ ತಿರುಮಲರಾಯನಿಗೆ ಪಟ್ಟ ಕಟ್ಟಿದ. ಕೆಲವೇ ತಿಂಗಳಲ್ಲಿ ಮಗು ತೀರಿಕೊಂಡಿತು. ವಿಷಪ್ರಯೋಗವೆಂಬ ಗುಮಾನಿ ಮಹಾಮಂತ್ರಿ ತಿಮ್ಮರಸನ ಮನೆಯವರ ಮೇಲೆ ಬಿತ್ತು. ರಾಯನನ್ನು ಬೆಳೆಸಿ ಪಟ್ಟಕ್ಕೇರಿಸಿದ ಆ ವೃದ್ಧನ ಕಣ್ಣು ಕೀಳಿಸಲಾಯಿತು ಎಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ.

ಇದಕ್ಕಿಂತ ಘೋರವಾದದ್ದು 1614ರಲ್ಲಿ ನಡೆಯಿತು. ಆಗ ಅರಸನಾಗಿದ್ದವನು ಅರವೀಡು ವಂಶದ ವೆಂಕಟಪತಿರಾಯ. ಅವನ ರಾಣಿಯೊಬ್ಬಳು ತನ್ನ ಮಗನೆಂದು ಒಂದು ಹುಡುಗನನ್ನು ಬೆಳೆಸುತ್ತಿದ್ದಳು. ಅದು ತನ್ನ ಮಗುವಲ್ಲವೆಂದು ರಾಯನಿಗೆ ಗೊತ್ತಿತ್ತು. ಸಾಯುವ ಮುಂಚೆ ಸರದಾರರನ್ನೆಲ್ಲ ಕರೆದು, ಅಣ್ಣನ ಮಗ ಚಿಕ್ಕರಾಯನಿಗೆ, ಅಂದರೆ ಶ್ರೀರಂಗನಿಗೆ, ಉಂಗುರವನ್ನು ಕೊಟ್ಟ. ರಾಣಿಯ ಕಡೆಯ ಜಗ್ಗರಾಯ ಇದನ್ನು ಒಪ್ಪಲಿಲ್ಲ. ಹೊಸ ರಾಯನನ್ನು ಸೆರೆಹಿಡಿದು ಹೆಂಡತಿ ಮಕ್ಕಳೊಡನೆ ಕೊನೆಗಾಣಿಸಿದ. ಆ ಮನೆಯಲ್ಲಿ ಬದುಕಿ ಉಳಿದವನು ಒಬ್ಬ ಹುಡುಗ. ಅವನನ್ನು ಬಟ್ಟೆಯ ಗಂಟಿನೊಳಗೆ ಅಡಗಿಸಿ ಕೋಟೆಯಿಂದ ಹೊರಗೆ ಸಾಗಿಸಿದವನು ಒಬ್ಬ ಅಗಸ. ಜೆಸ್ಯೂಟ್ ಪಾದ್ರಿ ಬರ‍್ರಾದಾಸ್ 1616ರಲ್ಲಿ ಬರೆದ ಪತ್ರದಿಂದ ಈ ಸಂಗತಿ ತಿಳಿಯುತ್ತದೆ. ಸರದಾರರಲ್ಲಿ ಯಾಚಮನಾಯಕ ಆ ಹುಡುಗನ ಪಕ್ಷ ಹಿಡಿದು ಹೋರಾಡಿ, ಕಾವೇರಿ ತೀರದ ತೊಪ್ಪೂರಿನಲ್ಲಿ ಜಗ್ಗರಾಯನನ್ನು ಸೋಲಿಸಿದ. ಹುಡುಗ ರಾಮದೇವರಾಯನೆಂಬ ಹೆಸರಿನಿಂದ ಅರಸನಾದ. ಒಂದು ಸಾಮ್ರಾಜ್ಯದ ಉತ್ತರಾಧಿಕಾರ ಅಗಸನೊಬ್ಬನ ತಲೆಯ ಮೇಲಿನ ಗಂಟಿನಲ್ಲಿ ಉಳಿದುಕೊಂಡಿತ್ತು. ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಈ ಕಲಹದಿಂದ ಬಳಲಿದ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. 1638ರಲ್ಲಿ ವಿಜಾಪುರದ ರಣದುಲ್ಲಾಖಾನನ ಸೈನ್ಯ ಶಿರಾವನ್ನು ಹಿಡಿದಾಗ ತಡೆಯಬಲ್ಲ ರಾಯನಿರಲಿಲ್ಲ. 1687ರಲ್ಲಿ ಶಿರಾ ಮೊಗಲರ ಸುಭಾ ಆಯಿತು. ಮೊಗಲರಲ್ಲಂತೂ ಗೊತ್ತಾದ ಉತ್ತರಾಧಿಕಾರ ಕ್ರಮವೇ ಇರಲಿಲ್ಲ. ಶಹಜಹಾನ್ ಹಿರಿಯ ಮಗ ದಾರಾ ಶಿಕೋನನ್ನು ಬಹಿರಂಗವಾಗಿಯೇ ಆರಿಸಿದ್ದರೂ ಔರಂಗಜೇಬನ ಕತ್ತಿ ಆ ಮಾತನ್ನು ನಡೆಯಗೊಡಲಿಲ್ಲ. ಶಹಜಾದೆಗೆ ಇದ್ದ ದಾರಿ ಎರಡು: ಸಿಂಹಾಸನ, ಇಲ್ಲವೇ ಶವಪೆಟ್ಟಿಗೆ.

ಮಧುಗಿರಿ ಬೆಟ್ಟದ ಸೆರೆ

ಈಗ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾವೆಲ್ಲ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿಕೊಂಡೇ ಬೆಳೆದವರು. ಆ ಕೋಟೆಯಲ್ಲಿ ಒಂದು ಕಾಲಕ್ಕೆ ಒಂದೇ ಸಿಂಹಾಸನಕ್ಕೆ ಹಕ್ಕುದಾರರಾಗಿದ್ದ ಇಬ್ಬರು ಒಟ್ಟಿಗೆ ಸೆರೆಯಲ್ಲಿದ್ದರು.

ಸಿಂಹಾಸನ ಕೆಳದಿಯದು. ಇಮ್ಮಡಿ ಬಸಪ್ಪನಾಯಕನ ನಂತರ ಅವನ ದತ್ತುಮಗ ಚೆನ್ನಬಸಪ್ಪನಾಯಕನಿಗೆ ಪಟ್ಟವಾಯಿತು. ಹುಡುಗ ಬೇಗನೆ ತೀರಿಕೊಂಡ. ಕೊಲೆಯಾಯಿತೆಂಬ ಮಾತೂ ಹಬ್ಬಿತು. ರಾಣಿ ವೀರಮ್ಮಾಜಿ ಸೋಮಶೇಖರನೆಂಬ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ಆಳತೊಡಗಿದಳು. ಅಷ್ಟರಲ್ಲಿ ಒಬ್ಬ ಯುವಕ ಕಾಣಿಸಿಕೊಂಡು 'ನಾನೇ ಚೆನ್ನಬಸಪ್ಪ, ನಾನು ಸತ್ತಿಲ್ಲ' ಎಂದ. 1761ರಲ್ಲಿ ಶಿರಾದ ನವಾಬನೆಂಬ ಪದವಿ ಪಡೆದಿದ್ದ ಹೈದರಾಲಿಗೆ ಇಂಥ ಅವಕಾಶ ಸಾಕಾಗಿತ್ತು. ಪಟ್ಟದ ನಿಜವಾದ ಹಕ್ಕುದಾರನನ್ನು ಸ್ಥಾಪಿಸುತ್ತೇನೆಂದು ಆ ಯುವಕನನ್ನು ಮುಂದಿಟ್ಟುಕೊಂಡು ಬಿದನೂರಿನ ಮೇಲೆ ಹೋದ. 1763ರಲ್ಲಿ ಬಿದನೂರು ಬಿತ್ತು. ಊಹಿಸಲಾಗದಷ್ಟು ಸಂಪತ್ತು ಅವನಿಗೆ ಸಿಕ್ಕಿತು. ಆಮೇಲೆ ಹೈದರ್ ಯಾರಿಗೂ ಪಟ್ಟ ಕಟ್ಟಲಿಲ್ಲ. ರಾಣಿಯನ್ನೂ ಅವಳ ದತ್ತುಮಗನನ್ನೂ, ತಾನೇ ಮೆರವಣಿಗೆ ಮಾಡಿಸಿದ 'ನಿಜವಾದ' ಉತ್ತರಾಧಿಕಾರಿಯನ್ನೂ ಮಧುಗಿರಿಯ ಕೋಟೆಗೆ ಕಳಿಸಿಬಿಟ್ಟ. ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ.

ಹೊರಗೆ ಒಬ್ಬರನ್ನೊಬ್ಬರು ನಾಶಮಾಡಲು ಹೊರಟಿದ್ದವರು ಒಳಗೆ ಒಂದೇ ಬಂಡೆಯ ಮೇಲೆ ಮಳೆ ಬಿಸಿಲಿಗೆ ಮೈಯೊಡ್ಡಿ ನಾಲ್ಕು ವರ್ಷ ಕಳೆದರು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದಾಗ ರಾಣಿಗೂ ಮಗನಿಗೂ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲಿ ವೀರಮ್ಮಾಜಿ ತೀರಿಕೊಂಡಳು. ಕೆಳದಿಯ ಪಟ್ಟ ಮತ್ತೆ ಏಳಲಿಲ್ಲ. ಮನೆಯವರು ಉತ್ತರಾಧಿಕಾರಿಯನ್ನು ಒಪ್ಪಿಕೊಳ್ಳದೆ ಹೋದರೆ ಹೊರಗಿನವನು ಬಂದು ತೀರ್ಮಾನ ಹೇಳುತ್ತಾನೆ. ಆ ತೀರ್ಮಾನ ಎಂದೂ ಮನೆಯವರ ಪರವಾಗಿರುವುದಿಲ್ಲ. ಮಧುಗಿರಿ ಬೆಟ್ಟ ಹೇಳುವ ಪಾಠ ಇದು.

ಹೈದರನ ಮಗ ಟಿಪ್ಪುವಿಗೂ ಮಕ್ಕಳ ಸಂಕಟ ತಪ್ಪಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ತನ್ನ ಇಬ್ಬರು ಎಳೆಯ ಮಕ್ಕಳನ್ನು ಅವನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಕೊಡಬೇಕಾಯಿತು.

ದತ್ತು ಪ್ರಶ್ನೆ, ರಾಜ್ಯದ ಪ್ರಶ್ನೆ

ಇಂಗ್ಲಿಷರ ಕಾಲಕ್ಕೆ ಉತ್ತರಾಧಿಕಾರಿಯ ವಿಷಯ ಮನೆಯ ಜಗಳವಾಗಿ ಉಳಿಯದೆ ರಾಜ್ಯದ ಉಳಿವಿನ ಪ್ರಶ್ನೆಯಾಯಿತು. ಕಿತ್ತೂರಿನಲ್ಲಿ ಶಿವಲಿಂಗಪ್ಪನ ದತ್ತನ್ನು ಕಂಪನಿಯವರು ಒಪ್ಪಲಿಲ್ಲ. 1824ರಲ್ಲಿ ರಾಣಿ ಚೆನ್ನಮ್ಮ ಕತ್ತಿ ಹಿಡಿದದ್ದು ಈ ಕಾರಣಕ್ಕೆ. ಸಾತಾರಾ, ನಾಗಪುರ, ಝಾನ್ಸಿಗಳೂ ಇದೇ ದಾರಿ ಹಿಡಿದವು.

ಮೈಸೂರಿಗೂ ಆ ಗತಿ ಬರುವುದರಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡಿದ್ದರು. ಮಹಾರಾಜರಿಗೆ ಪಟ್ಟಕ್ಕೆ ಬರಬಲ್ಲ ಗಂಡುಮಗನಿರಲಿಲ್ಲ. ಅವರು 1865ರಲ್ಲಿ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಆ ದತ್ತನ್ನು ಒಪ್ಪಬೇಕೆಂದು ಬರೆದ ಪತ್ರಗಳಿಗೆ, ನಡೆದ ವಾದಗಳಿಗೆ ಲೆಕ್ಕವಿಲ್ಲ. 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂತು. ಮರುವರ್ಷ ಮಾರ್ಚಿಯಲ್ಲಿ ಮಹಾರಾಜರು ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಸೇರಿತು. ಆ ಒಪ್ಪಿಗೆ ಬಾರದಿದ್ದರೆ ನಾವು ಕೇಳುವ ಮೈಸೂರಿನ ದಿವಾನರ ಆಡಳಿತ, ಕಟ್ಟೆ ಕಾಲುವೆ, ಕಾರ್ಖಾನೆ, ವಿಶ್ವವಿದ್ಯಾನಿಲಯಗಳ ಕತೆ ಬೇರೆಯಾಗುತ್ತಿತ್ತು.

ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದಾಗ ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಕಿರಿಯ ಮಗ, 1888ರಲ್ಲಿ ಹುಟ್ಟಿದ ಕಂಠೀರವ ನರಸಿಂಹರಾಜ ಒಡೆಯರು ಮುಂದೆ ಮೈಸೂರಿನ ಯುವರಾಜರೆನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿಲ್ಲದ ಕಾರಣ ತಮ್ಮನೇ ಉತ್ತರಾಧಿಕಾರಿ. ಹಳೆಯ ಮೈಸೂರಿನವರ ಬಾಯಲ್ಲಿ 'ಯುವರಾಜರು' ಎಂದರೆ ಇವರೊಬ್ಬರೇ. ಮೈಸೂರಿನ ಯುವರಾಜ ಕಾಲೇಜಿಗೆ ಆ ಹೆಸರು ಬಂದದ್ದು ಇವರ ಪದವಿಯಿಂದ.

1940ರ ಮಾರ್ಚಿಯಲ್ಲಿ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ಅಣ್ಣನೂ ಹೋದರು. ಸೆಪ್ಟೆಂಬರಿನಲ್ಲಿ ಪಟ್ಟಕ್ಕೆ ಬಂದವರು ಯುವರಾಜರ ಮಗ, ಇಪ್ಪತ್ತೊಂದು ವರ್ಷದ ಜಯಚಾಮರಾಜ ಒಡೆಯರು. ಗಂಗರ ಬೂತುಗನ ಕತೆ ನೆನಪಾಯಿತೆ? ಅಣ್ಣ ಅರಸ, ತಮ್ಮ ಯುವರಾಜ, ಅಣ್ಣನಿಗಿಂತ ಮೊದಲೇ ತಮ್ಮನ ಸಾವು, ತಮ್ಮನ ಮಗನಿಗೆ ಪಟ್ಟ. ಎರಡು ಸಲವೂ ಪಟ್ಟ ಶಾಂತವಾಗಿ ಕೈ ಬದಲಾಯಿಸಿತು. ಯಾರು ಮುಂದೆ ಎಂಬುದು ಮೊದಲೇ ಎಲ್ಲರಿಗೂ ತಿಳಿದಿತ್ತು, ಮನೆಯವರು ಒಪ್ಪಿದ್ದರು. ಯುವರಾಜಪದವಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದಾಗ ಇತಿಹಾಸಕ್ಕೆ ಬರೆಯಲು ಏನೂ ಉಳಿಯುವುದಿಲ್ಲ. ಅದೇ ಅದರ ಗೆಲುವು.

ಅರಮನೆಯ ಆಚೆಗೂ ಇದು ನಿಜ. ನಮ್ಮ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಆರಿಸಿಕೊಂಡಿದ್ದ ಮರುಳಾರಾಧ್ಯರು 1930ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಲಿಂಗೈಕ್ಯರಾದರು. ದುಃಖದ ಆ ದಿನಗಳಲ್ಲಿ ಹಿರಿಯ ಸ್ವಾಮಿಗಳು ಇನ್ನೂ ಓದುತ್ತಿದ್ದ ತರುಣನೊಬ್ಬನನ್ನು ಆರಿಸಿದರು. ಹನ್ನೊಂದು ವರ್ಷ ಗುರುವಿನ ಕೈಕೆಳಗೆ ಮಠದ ಕಷ್ಟಸುಖ ಕಲಿತ ಮೇಲೆ 1941ರಲ್ಲಿ ಆ ತರುಣ ಪೂರ್ಣ ಹೊಣೆ ಹೊತ್ತರು. ಅವರೇ 2019ರವರೆಗೆ ನಮ್ಮ ನಡುವೆ ಇದ್ದ ಶಿವಕುಮಾರ ಸ್ವಾಮಿಗಳು.

ನಮ್ಮ ಕೆರೆ, ನಮ್ಮ ಉತ್ತರಾಧಿಕಾರಿ

1971ರ ಡಿಸೆಂಬರಿನಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿ ರಾಜಧನವನ್ನೂ ರಾಜರಿಗಿದ್ದ ಮಾನ್ಯತೆಯನ್ನೂ ತೆಗೆದುಹಾಕಿತು. ಕಾನೂನಿನ ಕಣ್ಣಿನಲ್ಲಿ ಈ ದೇಶದಲ್ಲಿ ಈಗ ರಾಜನೂ ಇಲ್ಲ, ಯುವರಾಜನೂ ಇಲ್ಲ. ಪ್ರಜಾಪ್ರಭುತ್ವದಲ್ಲಿ ಯಾವ ಅಧಿಕಾರವೂ ಮನೆಯ ಆಸ್ತಿಯಲ್ಲ. ಕಳ್ಳಂಬೆಳ್ಳ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೇ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಕ್ಷೇತ್ರವೇ ಶಾಶ್ವತವಲ್ಲದ ಮೇಲೆ ಅದಕ್ಕೆ ವಾರಸುದಾರರೆಂಥವರು? ಆದರೂ ರಾಜಕಾರಣಿಗಳ ಮಕ್ಕಳನ್ನು ಯುವರಾಜ ಎನ್ನುತ್ತೇವೆ. ಅಭಿಮಾನಿಗಳು ಹೊಗಳಿ ಎನ್ನುತ್ತಾರೆ, ವಿರೋಧಿಗಳು ಹಂಗಿಸಿ ಎನ್ನುತ್ತಾರೆ. ಇಬ್ಬರೂ ಆ ಪದಕ್ಕೆ ಅನ್ಯಾಯ ಮಾಡುತ್ತಾರೆ. ಒಂದು ನಾಡನ್ನು ಆಳಿ ತೋರಿಸದೆ, ಹಿರಿಯರ ಸಭೆಯ ಒಪ್ಪಿಗೆಯಿಲ್ಲದೆ, ಬರಿಯ ಹುಟ್ಟಿನಿಂದ ಬಂದವನಿಗೆ ಹಿಂದಿನವರೂ ಆ ಹೆಸರನ್ನು ಕೊಡುತ್ತಿರಲಿಲ್ಲ. ಅವನನ್ನು ರಾಜಕುಮಾರ ಎನ್ನುತ್ತಿದ್ದರು. ಅವನ ವೇತನ ಕಾಲು ಪಾಲು.

ಹಾಗಾದರೆ ಈ ಪದವಿಯಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲವೆ? ಇದೆ ಎಂದು ನನ್ನ ಭಾವನೆ. ಸಿಂಹಾಸನವನ್ನು, ಕಂಠಿಕೆಯನ್ನು ಬದಿಗಿಟ್ಟು ನೋಡಿದರೆ ಯೌವರಾಜ್ಯದ ತಿರುಳು ಇಷ್ಟೇ: ಹಿರಿಯ ಬದುಕಿರುವಾಗಲೇ, ಅವನ ಕೈಕಾಲು ಗಟ್ಟಿ ಇರುವಾಗಲೇ, ನಾಲ್ಕು ಜನರೆದುರು ಕಿರಿಯನನ್ನು ಕರೆದು ನಿಜವಾದ ಕೆಲಸವೊಂದನ್ನು ಒಪ್ಪಿಸಬೇಕು, ತಪ್ಪಿದಾಗ ತಿದ್ದಬೇಕು.

ನಮ್ಮೂರಿನ ಕೆರೆಯನ್ನೇ ತೆಗೆದುಕೊಳ್ಳಿ. ಹೇಮಾವತಿಯ ನೀರು ಬರುವ ಮುಂಚೆಯೂ ಇದು ಇತ್ತು. ಬಂದ ಮೇಲೂ ಇದೆ. ಹಿಂದೆ ಇಂಥ ಕೆರೆಗಳ ನೀರುಗಂಟಿಯ ಜೊತೆಗೆ ಅವನ ಮಗನೋ ತಮ್ಮನೋ ಏರಿಯ ಮೇಲೆ ನಡೆಯುತ್ತಿದ್ದ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಜಾವ ನೀರು, ಕೋಡಿ ಬಿದ್ದರೆ ಯಾರನ್ನು ಮೊದಲು ಕೂಗಬೇಕು ಎಂಬುದನ್ನು ಅವನು ಪುಸ್ತಕದಿಂದ ಕಲಿಯುತ್ತಿರಲಿಲ್ಲ. ಆ ಹುಡುಗನಿಗೆ ಯಾರೂ ಯುವರಾಜ ಎನ್ನಲಿಲ್ಲ. ಆದರೆ ಅವನು ಮಾಡುತ್ತಿದ್ದದ್ದು ಅದೇ ಕೆಲಸ.

ಇಂದು ಅಚ್ಚುಕಟ್ಟಿನ ಲೆಕ್ಕ, ದೇವಸ್ಥಾನದ ಕಟ್ಟಳೆ, ಊರಿನ ಕತೆ, ಬೆಟ್ಟದ ಶಾಸನ ಇವೆಲ್ಲ ಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಒಬ್ಬರೋ ಇಬ್ಬರೋ ಇದ್ದಾರೆ. ಅವರ ಪಕ್ಕದಲ್ಲಿ ನಡೆಯುವ ಹುಡುಗರಿಲ್ಲ. ಹುಡುಗರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಅದು ಅವರ ತಪ್ಪೂ ಅಲ್ಲ. ಆದರೆ ರಜಕ್ಕೆ ಊರಿಗೆ ಬಂದವನನ್ನು ಕರೆದು 'ಬಾರಪ್ಪ, ಏರಿಯ ಮೇಲೆ ಒಂದು ಸುತ್ತು ಹಾಕೋಣ' ಎನ್ನುವುದು ಹಿರಿಯರ ಕೈಯಲ್ಲಿದೆ. ಕರೆದಾಗ ಹೋಗುವುದು ಹುಡುಗರ ಕೈಯಲ್ಲಿದೆ. ರಾಜ್ಯಗಳು ಹಾಳಾದದ್ದು ಬಹುಪಾಲು ಈ ಕರೆ ತಡವಾದಾಗ. ನಮ್ಮ ಊರುಗಳಿಗೆ ಹಾಗಾಗದಿರಲಿ.